ಸ್ಲಮ್ಮಲ್ಲ, ವಠಾರ

ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ನಾವಿರುವ ಮೆಟುಚೆನ್‌ನಿಂದ ಟ್ರೈನ್ ಹತ್ತಿ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಒಂದು ಮ್ಯೂಸಿಯಮ್ಮಿಗೆ ಹೋಗಿದ್ದೆವು. ಜೊತೆಗೆ ಮೈಸೂರಿನಿಂದ ಬಂದಿದ್ದ ಅಮ್ಮ. ನೂರು ವರ್ಷಕ್ಕೂ ಹಿಂದೆ ನ್ಯೂಯಾರ್ಕಿನ ಬಡವರ ಕೇರಿಗಳಿಗೆ ನುಗ್ಗಿ, ಕತ್ತಲ ಕೋಣೆಗಳಲ್ಲಿ ಭಗ್ಗನೆ ಫ್ಲ್ಯಾಶ್ ಪುಡಿ ಹೊತ್ತಿಸಿ, ಹೇಳದೆ ಕೇಳದೆ ತೆಗೆದ ಫೋಟೋಗಳ ಪ್ರದರ್ಶನ. ಅವನ್ನು ನೋಡಿದ ಮೇಲೆ ಊರಿನ ದೊಡ್ಡವರಿಗೆ ನಾಚಿಕೆಯಾಗಿ ಕಾನೂನು ಬದಲಾಯಿತಂತೆ. ನಾನು ಮುಖ ಗಂಭೀರ ಮಾಡಿಕೊಂಡು ಗೋಡೆಯ ಮೇಲಿದ್ದದ್ದನ್ನೆಲ್ಲ ಓದುತ್ತಿದ್ದೆ.

ಅಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಒಂದೇ ಕೋಣೆಯಲ್ಲಿ ಒಲೆ, ಮಂಚ, ಒಣಹಾಕಿದ ಬಟ್ಟೆ, ನಡುವೆ ಮಗು ಎತ್ತಿಕೊಂಡ ಹೆಂಗಸು ಇದ್ದ ಒಂದು ಫೋಟೋದ ಮುಂದೆ ನಿಂತು, "ಅಯ್ಯೋ, ಇದು ನಮ್ಮ ವಠಾರ ಕಣೇ" ಎಂದಳು, ತವರಿಗೆ ಬಂದವಳ ಖುಷಿಯಲ್ಲಿ. ಸಾಲುಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಒಂದೇ ಕಕ್ಕಸು, ಪಕ್ಕದ ಮನೆಯ ಜಗಳಕ್ಕೆ ಗೋಡೆಯ ಈಚೆಯಿಂದಲೇ ಅವಳಮ್ಮ ತೀರ್ಪು ಹೇಳುತ್ತಿದ್ದದ್ದು, ಎಲ್ಲವೂ ಹೊರಬಂತು.

ಮಗಳ ಕಣ್ಣು ಅರಳಿತು. "ಸೋ ಅಜ್ಜಿ, ಯೂ ಗ್ರೂ ಅಪ್ ಇನ್ ಎ ಸ್ಲಮ್?"

ಅಮ್ಮನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಸ್ಲಮ್ ಎನ್ನುವುದು ಮೈಸೂರಿನಲ್ಲಿ ಕನ್ನಡವೇ. ಅವಳ ಮುಖ ಸಣ್ಣದಾಯಿತು.

"ಸ್ಲಮ್ಮಂತೆ. ನಮ್ದು ನಲ್ಲಿ ಪಕ್ಕದ ಮನೆ. ದಿನಾ ಬಾಗಿಲಿಗೆ ರಂಗೋಲಿ. ಏನಂದ್ಕೊಂಡಿದೀಯ?"

ಹಾಗೆಂದವಳು ವಾಪಸು ಬರುವಾಗ ಟ್ರೈನಿನಲ್ಲಿ ನಮ್ಮಿಬ್ಬರನ್ನೂ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು. ಮೊಮ್ಮಗಳ ಕಣ್ಣಲ್ಲಿ ತಾನು ಸಣ್ಣವಳಾದೆನೆಂದು ಅವಳಿಗೆ ನಿಜಕ್ಕೂ ನೋವಾಗಿತ್ತು. ನೋಡಿ ನನಗೂ ಸಂಕಟವಾಯಿತು.

ಮರುದಿನ ಮಗಳಿಗೆ ಪ್ರಾಜೆಕ್ಟಿನ ಪೋಸ್ಟರಿಗೆ ಅಜ್ಜಿಯ ಫೋಟೋ ಬೇಕಾಯಿತು, ಮ್ಯೂಸಿಯಮ್ಮಿನಲ್ಲಿದ್ದ ಹಾಗೆಯೇ. ಅಡುಗೆಮನೆಯಲ್ಲಿ, ತೊಳೆಯದ ಪಾತ್ರೆಗಳ ನಡುವೆ, ಬ್ಲ್ಯಾಕ್ ಅಂಡ್ ವೈಟಿನಲ್ಲಿ. "ಇರು" ಎಂದು ರೂಮಿಗೆ ಹೋದ ಅಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಜರತಾರಿ ಸೀರೆ, ಎರಡೆಳೆ ಸರ, ಮುಖದ ತುಂಬ ಧಾರಾಳವಾಗಿ ಪೌಡರ್. ಬಂದವಳೇ ಡಿಶ್‌ವಾಷರಿನ ಪಕ್ಕ ಬೀಗಿತ್ತಿಯ ಗತ್ತಿನಲ್ಲಿ ನಿಂತಳು. ನಾನು ನಗು ತಡೆಯಲಾರದೆ ಫ್ರಿಜ್ಜಿನೊಳಗೆ ತಲೆ ಹಾಕಿ ಏನೋ ಹುಡುಕಿದೆ.

"ಅಜ್ಜಿ, ನೋ. ಯೂ ಹ್ಯಾವ್ ಟು ಲುಕ್ ಪೂರ್. ಲೈಕ್ ದಟ್ ಲೇಡಿ."

ಅಮ್ಮ ನಿಧಾನವಾಗಿ ಸೆರಗು ಸರಿಮಾಡಿಕೊಂಡಳು.

"ಆ ಹೆಂಗಸೂ ಪೆಟ್ಟಿಗೇಲಿ ಒಂದು ಒಳ್ಳೇ ಸೀರೆ ಇಟ್ಕೊಂಡಿದ್ಲು ಕಣೇ. ಉಟ್ಕೊಂಡು ಬಾ ಅಂತ ಅವಳಿಗೆ ಯಾರೂ ಹೇಳ್ಲಿಲ್ಲ, ಅಷ್ಟೇ."

ನ್ಯೂಯಾರ್ಕಿನವಳಿಗೆ ಸೀರೆ ಎಲ್ಲಿಯದೆಂದು ಮಗಳು ಕೇಳಲಿಲ್ಲ. ಫೋನನ್ನು ಕೆಳಗಿಳಿಸಿದಳು. ಆಮೇಲೆ, "ಅಜ್ಜಿ, ತೆಗೀಲಾ?" ಎಂದು ಕನ್ನಡದಲ್ಲೇ ಕೇಳಿ, ಅವಳು ಹೂಂ ಎನ್ನುವವರೆಗೂ ಕಾದಳು.