ಕುಂಕುಮವಿಟ್ಟ ಆಯಿಲ್ ಡಬ್ಬಿ

ಅಕ್ಕೂರಿನ ಪುಟ್ಟಲಿಂಗಯ್ಯನ ಹುಳುಮನೆಯೊಳಗೆ ಕಾಲಿಡುವುದು ಸುಲಭವಿರಲಿಲ್ಲ. ಕಾಲು ತೊಳೆಯಬೇಕು, ಬೀಡಿ ಸೇದಿದ್ದರೆ ಹೊರಗೇ ನಿಲ್ಲಬೇಕು. ಮರಿ ರೇಷ್ಮೆಹುಳುವಿಗೆ ಕುಡಿ ಎಲೆ, ಬೆಳೆದದ್ದಕ್ಕೆ ಬಲಿತ ಎಲೆ. ಹೆಚ್ಚುಕಡಿಮೆಯಾದರೆ ಅವನ ಬಾಯಿಗೆ ಸಿಕ್ಕವರಿಗೆ ಉಳಿಗಾಲವಿರಲಿಲ್ಲ. ಹೆಂಡತಿ ಬೋರಮ್ಮ ಒಮ್ಮೆ ಬಾಡಿದ ಸೊಪ್ಪು ಹಾಕಿದ್ದಕ್ಕೆ ಊರಿಗೆಲ್ಲ ಕೇಳುವಂತೆ ಬೈದಿದ್ದ. ಅವಳು ಅದನ್ನು ಮರೆತಿರಲಿಲ್ಲ.

ರೇಷ್ಮೆ ಗೂಡಿಗೆ ಬೇಡಿಕೆ ಏರುತ್ತಿದ್ದ ಕಾಲ. ರಾಮನಗರದ ಮಾರುಕಟ್ಟೆಗೆ ಬಸ್ಸಿನ ಟಾಪಿನ ಮೇಲೆ ಗೂಡಿನ ಮೂಟೆ ಹಾಕಿಕೊಂಡು ಹೋಗುವುದು ತನ್ನ ಅಂತಸ್ತಿಗೆ ತಕ್ಕದ್ದಲ್ಲ ಎನಿಸಿ ಪುಟ್ಟಲಿಂಗಯ್ಯ ಹೊಸ ಟೆಂಪೋ ತಂದ. ಷೋರೂಮಿನವರು ಎರಡು ಡಬ್ಬಿ ಆಯಿಲ್ ಕೊಟ್ಟು, ಇಂಜಿನ್ನಿಗೆ ಇದನ್ನೇ ಹಾಕಬೇಕು, ಬೇರೆಯದು ಹಾಕಿದರೆ ವಾರಂಟಿ ಇಲ್ಲ ಎಂದು ಬಿಡಿಸಿ ಹೇಳಿದರು. ಅವನು ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಆ ಮಹಾನುಭಾವನನ್ನು ಮೀರಿಸುವವರು ತಾಲ್ಲೂಕಿನಲ್ಲಿರಲಿಲ್ಲ.

ಡಬ್ಬಿಯನ್ನು ಹುಳುಮನೆಯ ಹತ್ತಿರ ಇಟ್ಟರೆ ವಾಸನೆಗೆ ಹುಳು ಕೆಡುತ್ತವೆಂದು ದೇವರ ಪಟದ ಕೆಳಗಿಟ್ಟ. ಟೆಂಪೋ ಪೂಜೆಯ ದಿನ ಅದಕ್ಕೂ ಕುಂಕುಮ ಬಿತ್ತು. ಆಮೇಲೆ ಒಡೆಯಲು ಮನಸ್ಸೇ ಬರಲಿಲ್ಲ. ಅಷ್ಟು ಒಳ್ಳೆಯ ಮಾಲನ್ನು ಯಾರಾದರೂ ಸುಮ್ಮನೆ ಸುರಿಯುತ್ತಾರೆಯೇ? ಆಯಿಲ್ ಬದಲಿಸುವ ಹೊತ್ತು ಬಂದಾಗ, ತೋಟದ ಪಂಪ್‌ಸೆಟ್ಟಿಗೆಂದು ಇಟ್ಟಿದ್ದ ಎಣ್ಣೆಯನ್ನೇ ಟೆಂಪೋಗೆ ಹೊಯ್ದ.

“ಇಂಜಿನ್ನು ಎಣ್ಣೆ ಜಾತಕ ನೋಡಕಿಲ್ಲ ಕಣ್ಲಾ,” ಎಂದು ಪಕ್ಕದ ಹೊಲದ ಲಕ್ಕಯ್ಯನಿಗೂ ಬೋಧಿಸಿದ.

ಇಂಜಿನ್ನು ನೋಡಿತು. ರಾಮನಗರದ ದಾರಿಯಲ್ಲಿ, ಗೂಡು ತುಂಬಿಕೊಂಡಿದ್ದಾಗಲೇ, ಜಾಮ್ ಆಗಿ ನಿಂತಿತು. ಮೂಟೆಗಳನ್ನು ಸಿಕ್ಕ ಎತ್ತಿನಗಾಡಿಗೆ ಹೇರುವಾಗಲೂ ಪುಟ್ಟಲಿಂಗಯ್ಯ ಕುಗ್ಗಲಿಲ್ಲ. ವಾರಂಟಿ ಇದೆ, ಹೊಸ ಇಂಜಿನ್ನೇ ಬರುತ್ತದೆ ಎಂದು ಗಾಡಿಯವನಿಗೆ ದಾರಿಯುದ್ದಕ್ಕೂ ಹೇಳಿದ. ಬರದಿದ್ದರೆ ಮತ್ತೆ ಬಸ್ಸಿನ ಟಾಪೇ ಗತಿ ಎಂಬುದು ಅವನಿಗೂ ಗೊತ್ತಿತ್ತು.

ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ್ದ ಟೆಂಪೋ ನೋಡಲು ಕಂಪನಿಯ ಇಂಜಿನಿಯರು ಬಂದ. ಎಣ್ಣೆ ಬಸಿದು, ಬೆರಳಿಗೆ ಸವರಿಕೊಂಡು ನೋಡಿ, ಇದು ಯಾವ ಆಯಿಲ್ ಎಂದು ಕೇಳಿದ. ನೀವು ಕೊಟ್ಟಿದ್ದೇ ಎಂದ ಪುಟ್ಟಲಿಂಗಯ್ಯ, ಕಣ್ಣು ಮಿಟುಕಿಸದೆ. ಇಂಜಿನಿಯರು ನಂಬಲಿಲ್ಲ. ನಮ್ಮವನಿಗೆ ರೋಷ ಉಕ್ಕಿತು. ಒಳಗೆ ಹೋಗಿ ಎರಡೂ ಡಬ್ಬಿ ತಂದು ಜಗಲಿಯ ಮೇಲೆ ಕುಕ್ಕಿದ.

“ನೋಡ್ಕಳಿ. ಎಷ್ಟು ಜ್ವಾಪಾನವಾಗಿ ಮಡಗಿವ್ನಿ. ಇನ್ನೂವೆ ಸೀಲೂ ಒಡ್ದಿಲ್ಲ.”

ಇಂಜಿನಿಯರು ಡಬ್ಬಿಗಳನ್ನು ತಿರುಗಿಸಿ ನೋಡಿದ. ಕೈಗಂಟಿದ ಕುಂಕುಮ ಒರೆಸಿಕೊಂಡು, ಇನ್ನು ವಾರಂಟಿಯ ಮಾತೇ ಇಲ್ಲ ಎಂದು ಹೇಳಿ ಹೊರಟುಹೋದ. ತಾನು ಏನು ಹೇಳಿದೆನೆಂಬುದು ಪುಟ್ಟಲಿಂಗಯ್ಯನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ.

ಸೊಪ್ಪಿನ ಮಂಕರಿ ಹೊತ್ತು ಬಂದ ಬೋರಮ್ಮ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಊರಿಗೆಲ್ಲ ಕೇಳುವಂತೆಯೇ ಕೇಳಿದಳು:

“ಕುಡಿ ಎಲೆನ ದೇವ್ರ ಮುಂದೆ ಮಡಗಿ, ಹುಳಕ್ಕೆ ಬಾಡಿದ್ ಸೊಪ್ಪು ಹಾಕಿದ್ರೆ ಗೂಡು ಕಟ್ತಾವಾ?”

ಮುಂದಿನ ಬೆಳೆಯ ಗೂಡು ಬಸ್ಸಿನ ಟಾಪಿನ ಮೇಲೆ ರಾಮನಗರಕ್ಕೆ ಹೋಯಿತು. ಮೂಟೆ ಜಾರದಂತೆ ಅಪ್ಪಿಕೊಂಡು ಪುಟ್ಟಲಿಂಗಯ್ಯನೂ ಅಲ್ಲೇ ಕೂತಿದ್ದ.