ಟೋಸ್ಟಿನ ಗ್ಲಾಸಿಗೊಂದು ಸೈಡರ್

ಅಡುಗೆಯಲ್ಲಿ ನನಗೆ ಬಾರದ್ದು ಏನಾದರೂ ಇದ್ದರೆ, ಅದನ್ನು ಮಾಡಲು ನಾನಿನ್ನೂ ಹೊರಟಿಲ್ಲ ಎಂದಷ್ಟೇ ಅರ್ಥ. ಕುವೈತಿನ ಖೈತಾನಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಹೋಗಬೇಕಾದ ಅಡುಗೆಮನೆ. ಅಲ್ಲೇ ಇಡ್ಲಿ ಪಾತ್ರೆಯಲ್ಲಿ ಕೇಕ್ ಬೇಯಿಸಿದ್ದೇನೆ, ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ವರ್ಷಕ್ಕಾಗುವಷ್ಟು ಹಲಸಿನ ಹಪ್ಪಳ ಒಣಗಿಸಿದ್ದೇನೆ. ಆದರೂ ಹೋದ ಬೇಸಿಗೆಯಲ್ಲಿ, ಮನೆಯಲ್ಲೇ ಬಿಯರ್ ಮತ್ತು ಸೈಡರ್ ಮಾಡಲು ಕಲಿಯುತ್ತೇನೆ ಎಂದಾಗ ನನ್ನ ಗಂಡ ಬೆಚ್ಚಿಬಿದ್ದರು.

"ನಿಂಗೆ ಮರ್ಲಾ? ಇಬ್ಬರನ್ನೂ ಒಂದೇ ವಿಮಾನದಲ್ಲಿ ಕಳಿಸ್ತಾರೆ."

ಹೆಂಡ ಕಂಡರೆ ಊರಿಗೆ ಅಟ್ಟುವ ಇಲ್ಲಿನ ಕಾನೂನು ನನಗೂ ಗೊತ್ತು. ಅಮಲು ಬೇಡ, ರುಚಿ ಮತ್ತು ಬುರುಗು ಸಾಕು ಎಂದು ಸಮಾಧಾನ ಹೇಳಿದೆ. ಅಷ್ಟೆಲ್ಲ ಸಾಹಸ ಮಾಡಲು ಕಾರಣವೂ ಅವರೇ ಆಗಿದ್ದರು.

ಅವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನೀಶಿಯನ್. ವರ್ಷವಿಡೀ ಇಲ್ಲಿ ಸನ್ಯಾಸಿಯ ಹಾಗೆ ಇದ್ದು, ರಜೆಯಲ್ಲಿ ಊರಿಗೆ ಹೋದ ಕೂಡಲೇ ಅಷ್ಟನ್ನೂ ಬಡ್ಡಿ ಸಮೇತ ಕುಡಿದು ತೀರಿಸುವ ಜಾತಿ. ಹಿಂದಿನ ರಜೆಯಲ್ಲಿ ಮಂಗಳೂರಿನ ಡಾಕ್ಟರು ಸ್ಕ್ಯಾನ್ ನೋಡಿ, ಇನ್ನು ಮುಟ್ಟಿದರೆ ಲಿವರ್ ಕೈಕೊಡುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದುಬಿಟ್ಟರು. ಇವರು ಬಿಟ್ಟರು. ಕುವೈತಿನಲ್ಲಿ ಬಿಡುವುದೇನು ದೊಡ್ಡ ಮಾತಲ್ಲ. ಪರೀಕ್ಷೆ ಇದ್ದದ್ದು ಊರಿನಲ್ಲಿ.

ಬರುವ ಕ್ರಿಸ್ಮಸ್ ಕಳೆದ ಮೇಲಕ್ಕೆ ಅವರ ತಂಗಿಯ ಮಗಳ ಮದುವೆ ನಿಶ್ಚಯವಾಗಿತ್ತು. ನಮ್ಮ ಮಂಗಳೂರು ಕ್ರೈಸ್ತರ ಮದುವೆಯಲ್ಲಿ ಟೋಸ್ಟ್ ಇಲ್ಲದಿದ್ದರೆ ಊಟ ಜೀರ್ಣವಾಗುವುದಿಲ್ಲ. ಮಾತು ಬಲ್ಲ ಹಿರಿಯರೊಬ್ಬರು ವೇದಿಕೆ ಹತ್ತಿ, ಮದುಮಕ್ಕಳನ್ನು ಹೊಗಳಿ, ಅವರ ಅಪ್ಪ ಅಮ್ಮಂದಿರ ಕಾಲೆಳೆದು, ಕೊನೆಗೆ ವೈನಿನ ಗ್ಲಾಸು ಎತ್ತಬೇಕು. ಇಡೀ ಹಾಲ್ ಎದ್ದು ನಿಂತು ಜೊತೆಗೆ ಗ್ಲಾಸು ಎತ್ತುತ್ತದೆ. ನಮ್ಮ ಕುಟುಂಬದಲ್ಲಿ ಈ ಕೆಲಸಕ್ಕೆ ನನ್ನ ಗಂಡನನ್ನು ಬಿಟ್ಟರೆ ಇಲ್ಲ. ತಂಗಿ ಫೋನ್ ಮಾಡಿ ಕೇಳಿದಳು, ಇವರು ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಫೋನ್ ಇಟ್ಟ ಮೇಲೆ, "ಗ್ಲಾಸಲ್ಲಿ ಎಂತ ಹಾಕುವುದು?" ಎಂದರು.

ನಮ್ಮದು ಕೊಂಕಣಿ ಮನೆ. ಆದರೆ ಇಬ್ಬರೂ ಕಲಿತದ್ದು ಕನ್ನಡ ಮೀಡಿಯಮ್ಮಿನಲ್ಲಿ. ಜಗಳಕ್ಕೂ ಗಂಭೀರ ಸಂಗತಿಗೂ ನಾವು ಕನ್ನಡಕ್ಕೇ ಬರುವವರು. ಆ ಪ್ರಶ್ನೆ ಕನ್ನಡದಲ್ಲಿ ಬಂದದ್ದರಿಂದ ನಾನು ಒಗ್ಗರಣೆಯ ಸೌಟು ಕೆಳಗಿಟ್ಟೆ.

ಇಲ್ಲಿನ ಸಹಕಾರಿ ಸೂಪರ್ ಮಾರ್ಕೆಟ್ ಜಮಿಯಾದ ಶೆಲ್ಫಿನಲ್ಲಿ ಅಮಲಿಲ್ಲದ ಮಾಲ್ಟ್ ಡ್ರಿಂಕುಗಳು ಸಾಲುಗಟ್ಟಿ ನಿಂತಿರುತ್ತವೆ. ಇವರಿಗೆ ಅದು ಕೆಮ್ಮಿನ ಸಿರಪ್. ಒಂದು ಗುಟುಕು ಕುಡಿದು ಮುಖ ಹಿಂಡಿ ಇಟ್ಟುಬಿಡುತ್ತಿದ್ದರು. ಹಾಗಾದರೆ ನಾನೇ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ಮೊದಲು ಬಿಯರ್. ಬಾರ್ಲಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಕುದಿಸಿ, ಸೋಸಿದೆ. ಕಹಿ ಬೇಕಲ್ಲ, ಅದಕ್ಕೆ ಅಮ್ಮ ಜ್ವರದ ಕಷಾಯಕ್ಕೆಂದು ಕಳಿಸಿದ್ದ ಕಿರಾತಕಡ್ಡಿಯ ಎರಡು ತುಂಡು ಹಾಕಿ, ತಣಿದ ಮೇಲೆ ಸೋಡಾ ಬೆರೆಸಿದೆ. ಬಣ್ಣವೇನೋ ಥೇಟ್ ಬಿಯರ್. ಇವರು ಕುಡಿದು ನೋಡಿ, "ಜ್ವರ ಬಂದಾಗ ಕೊಡು" ಎಂದರು. ಎರಡನೆಯ ಸಲ ಒಂದೇ ತುಂಡು ಹಾಕಿದೆ. ಆಗಲೂ ಜ್ವರವೇ ನೆನಪಾಯಿತಂತೆ.

ಬಿಯರ್ ಬಿಟ್ಟು ಸೈಡರ್ ಹಿಡಿದೆ. ಸೇಬಿನ ರಸಕ್ಕೆ ಚಿಟಿಕೆ ಈಸ್ಟ್ ಹಾಕಿ ಗಾಳಿಯಾಡದಂತೆ ಮುಚ್ಚಿಟ್ಟರೆ ಬುರುಗು ತಾನಾಗಿ ಬರುತ್ತದೆ. ದೋಸೆ ಹಿಟ್ಟು ಉಬ್ಬಿಸಿದ ಕೈಗೆ ಇದೇನು ಮಹಾ. ಈಸ್ಟ್ ತರಲು ಕೆಳಗಿನ ದಿನಸಿ ಅಂಗಡಿ ಬಕಾಲಾಕ್ಕೆ ಇಳಿದೆ. ನಾನು ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ ಕೂರುವವಳು, ಪೇಶಂಟುಗಳ ಜೊತೆ ಅರಬಿಯಲ್ಲಿ ಮಾತಾಡಿ ಅಭ್ಯಾಸ. ಆ ಜಂಬದಲ್ಲೇ ಅಂಗಡಿಯ ಈಜಿಪ್ಟಿನವನಿಗೆ ಎಲ್ಲರಿಗೂ ಕೇಳುವಂತೆ, "ಅಕೂ ಖಮರ್?" ಎಂದೆ. ಖಮರ್ ಉಂಟಾ ಎಂದು.

ಮೊಟ್ಟೆ ಎಣಿಸುತ್ತಿದ್ದವನು ಎಣಿಕೆ ನಿಲ್ಲಿಸಿದ. ಖುಬ್ಬೂಸ್ ರೊಟ್ಟಿ ಕೊಳ್ಳಲು ನಿಂತಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನ ಕೊರಳಿನ ಶಿಲುಬೆಯನ್ನು ನೋಡಿದರು.

"ಖಮೀರಾ, ಮದಾಮ್! ಖಮೀರಾ!" ಅಂಗಡಿಯವನು ಹಿಟ್ಟು ನಾದುವ ಹಾಗೆ ಕೈಯಾಡಿಸಿ ತೋರಿಸಿದ. "ಖಮರ್ ಮಾಫೀ, ಇಲ್ಲವೇ ಇಲ್ಲ. ಖಮರ್ ಅಂದರೆ ನೀನೂ ಖಲಾಸ್, ನಾನೂ ಖಲಾಸ್."

ಖಮೀರಾ ಎಂದರೆ ಈಸ್ಟ್. ಖಮರ್ ಎಂದರೆ ಹೆಂಡ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಈಸ್ಟಿನ ಡಬ್ಬಿ ತೆಗೆದುಕೊಂಡು ತಲೆಯೆತ್ತಿಯೇ ಹೊರಬಂದೆ.

ಒಂದು ಸಲಕ್ಕೆ ಒಂದೇ ಸಣ್ಣ ಪ್ಲಾಸ್ಟಿಕ್ ಬಾಟಲಿ, ಅದು ನನ್ನ ನಿಯಮ. ಬಾಟಲಿಯ ಹೊಟ್ಟೆ ಒತ್ತಿ ನೋಡುವುದು, ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಹೆಚ್ಚು ಹೊತ್ತು ಬಿಟ್ಟರೆ ಸಿಹಿಯೆಲ್ಲ ಅಮಲಾಗುತ್ತದೆ, ಬೇಗ ತಣ್ಣಗೆ ಮಾಡಿದರೆ ಹೆಚ್ಚೇನೂ ಆಗದು ಎಂಬುದು ನಾನು ಓದಿ ತಿಳಿದ ಲೆಕ್ಕ. ಮೊದಲನೆಯದು ಬುರುಗೇ ಇಲ್ಲದೆ ಸಪ್ಪೆಯಾಯಿತು. ಇನ್ನೊಂದು ಮುಚ್ಚಳ ತೆರೆದ ಕೂಡಲೇ ಸೀಲಿಂಗಿಗೆ ಹಾರಿತು. ಆಮೇಲೆ ಕೈ ಕುದುರಿತು. ಶುಂಠಿ ಹಾಕಿದ್ದಂತೂ ನಾಲಿಗೆ ಚುರ್ರೆನ್ನುವಂತಿತ್ತು. ಮದುವೆಗೆ ಇದೇ ಸಾಕು, ಗ್ಲಾಸಿನಲ್ಲಿ ವೈನಿನ ಹಾಗೆಯೇ ಕಾಣುತ್ತದೆ ಎಂದು ನಾನು ಬೀಗಿದೆ. ಇವರು ಅರ್ಧ ಲೋಟ ಕುಡಿದು, "ಚಂದ ಉಂಟು" ಎಂದರು. ಇನ್ನರ್ಧ ಹಾಗೇ ಬಿಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ.

ಒಂದು ದಿನ ಗ್ಯಾಸ್ ಹೋಗಲೆಂದು ಒಂದು ಬಾಟಲಿಯ ಮುಚ್ಚಳ ಸಡಿಲಿಸಿ ವಾಷಿಂಗ್ ಮೆಷಿನ್ನಿನ ಹಿಂದೆ ಇಟ್ಟವಳು ಮರೆತೇಬಿಟ್ಟೆ. ಕ್ಲಿನಿಕ್ಕಿನಲ್ಲಿ ಇಬ್ಬರು ರಜೆ ಹಾಕಿದ್ದ ವಾರ, ಮನೆಗೆ ಬಂದರೆ ಮಲಗುವುದಷ್ಟೇ ಆಗಿತ್ತು. ಹೊರಗೆ ಬೆಂಕಿ ಸುರಿಯುವ ಆಗಸ್ಟ್. ಏಸಿ ಇಲ್ಲದ ಆ ಮೂಲೆಯಲ್ಲಿ ಖಮೀರಾ ತನ್ನ ಪಾಡಿಗೆ ತಾನು ಖಮರ್ ಆಗುತ್ತಿತ್ತು.

ವಾರದ ಕೊನೆಯಲ್ಲಿ ನಾನು ಬಸ್ಸಿನಿಂದ ಇಳಿಯುವಾಗ ಸೂರ್ಯ ಮುಳುಗಿದಾಗಿನ ಮಗ್ರಿಬಿನ ಬಾಂಗ್ ಕೇಳುತ್ತಿತ್ತು. ಮನೆಯಲ್ಲಿ ಲೈಟ್ ಹಾಕಿರಲಿಲ್ಲ. ಇವರು ಊಟದ ಮೇಜಿನ ಎದುರು ಕೂತಿದ್ದರು. ಯೂನಿಫಾರ್ಮ್ ಬಿಚ್ಚಿರಲಿಲ್ಲ. ಎರಡೂ ಅಂಗೈ ತೊಡೆಯ ಕೆಳಗಿದ್ದವು, ಶಾಲೆಯ ಮಕ್ಕಳ ಹಾಗೆ. ಮೇಜಿನ ಮೇಲೆ ಆ ಬಾಟಲಿ. ಮಡ್ಡಿ ತಳ ಹಿಡಿದು ಮೇಲಿನದು ಹೊಂಬಣ್ಣಕ್ಕೆ ತಿಳಿಯಾಗಿತ್ತು. ಬಾಗಿಲಿನವರೆಗೂ ವಾಸನೆ.

"ಇದು ಆಗಿ ಹೋಗಿದೆ," ಎಂದರು, ಕನ್ನಡದಲ್ಲಿ. "ಸೋಪಿನ ಪುಡಿ ಹುಡುಕುವಾಗ ಸಿಕ್ಕಿತು."

"ಕುಡಿದ್ರಾ?"

"ಇಲ್ಲ."

"ಯಾವಾಗಿಂದ ಹೀಗೆ ಕೂತಿದ್ದೀರಿ?"

"ಅಸರ್ ಬಾಂಗ್ ಆಗ್ತಿತ್ತು."

ಅಸರ್ ಎಂದರೆ ಮೂರೂವರೆ ಹೊತ್ತಿನ ಬಾಂಗ್, ಅಂದರೆ ಇಡೀ ಸಂಜೆ. ನನಗೆ ಸಿಟ್ಟು ಬಂತು. ಹೆದರಿದಾಗ ನನಗೆ ಬರುವುದು ಸಿಟ್ಟೇ. "ಸಿಂಕಿಗೆ ಚೆಲ್ಲಲಿಕ್ಕೆ ಏನಾಗಿತ್ತು ನಿಮಗೆ?"

"ಇಲ್ಲಿವರೆಗೆ ತಂದಿಟ್ಟದ್ದೇ ಹೆಚ್ಚು. ಇನ್ನೊಂದು ಸಲ ಎತ್ತಿದ್ರೆ ಬಾಯಿಗೇ ಹೋಗ್ತಿತ್ತು," ಎಂದರು. "ಅದಕ್ಕೆ ನೀನು ಬರಲಿ ಅಂತ ಕೂತೆ."

ನಾನು ಚೆಲ್ಲಿದೆ. ನಲ್ಲಿ ಪೂರ್ತಿ ತಿರುಗಿಸಿ, ಸಿಂಕನ್ನು ಸೋಪು ಹಾಕಿ ಉಜ್ಜಿದೆ. ಈಸ್ಟಿನ ಡಬ್ಬಿಯನ್ನೂ ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನೂ ಹಿಂದೆಯೇ ಖಾಲಿ ಮಾಡಿದೆ. ಇವರು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಅಷ್ಟು ದಿನ ಇವರಿಗೆ ಬೇಕಾದದ್ದು ಒಂದು ರುಚಿ, ಅದನ್ನು ನಾನು ಮಾಡಿಕೊಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಈ ಮನುಷ್ಯ ದಿನಾ ಏನನ್ನು ಎದುರಿಸುತ್ತಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಸಿಂಕಿನ ಮುಂದೆ ನಿಂತು ಅತ್ತೆ.

ಬಾಲ್ಕನಿಗೆ ಹೋಗಿ, ತಂಗಿಗೆ ಫೋನ್ ಮಾಡಿ ಮದುವೆಗೆ ಬರುವುದಿಲ್ಲ ಎನ್ನೋಣ, ಏನಾದರೊಂದು ನೆಪ ನಾನೇ ಹೇಳುತ್ತೇನೆ ಎಂದೆ. ಇವರು ಕೆಳಗೆ ರಸ್ತೆ ನೋಡುತ್ತಿದ್ದರು.

"ಟಿಕೆಟ್ ಮಾಡು ಮಾರಾಯ್ತಿ," ಎಂದರು. "ಇವತ್ತು ಮನೆಯಲ್ಲಿ ನಾನೊಬ್ಬನೇ ಇದ್ದೆ. ಅಲ್ಲಿ ನೀನಿರ್ತೀಯಲ್ಲ."