ತಮ್ಮನ ಸೈಕಲ್ಲಿನ ಹಿಂದೆ, ಮಾದಪ್ಪನ ಬೆಟ್ಟದವರೆಗೆ

ಎರಡು ವರ್ಷದ ಹಿಂದೆ ನನ್ನ ತಮ್ಮ ಮಾದೇಶನಿಗೆ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಅವನ ರೇಸಿನ ಸೈಕಲ್ಲಿಗೆ ಎಣ್ಣೆ ಹಚ್ಚಿದವಳು ನಾನು. ಆ ಎಣ್ಣೆಯಿಂದ ಬ್ರೇಕ್ ಹಿಡಿಯದೆ ಅವನು ಮಹದೇಶ್ವರ ಬೆಟ್ಟದ ಇಳಿಜಾರಿನಲ್ಲಿ ಬಿದ್ದ. ತಪ್ಪು ತನ್ನದೇ ಎಂದು ಅವನು ತಿಳಿದುಕೊಂಡ. ಹಾಗೇ ತಿಳಿದುಕೊಂಡಿರಲಿ ಎಂದು ನಾನು ಸುಮ್ಮನಿದ್ದೆ. ಈ ಚಳಿಗಾಲದಲ್ಲಿ ಅದೇ ಬೆಟ್ಟಕ್ಕೆ ಅವನ ಸೈಕಲ್ಲಿನ ಹಿಂದೆ ಲಗೇಜ್ ಆಟೊದಲ್ಲಿ ಹೋಗಿಬಂದೆ. ಆ ಪ್ರಯಾಣವನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಮಾಂಬಳ್ಳಿಯಿಂದ ದಿನಾ ಬಸ್ಸು ಹತ್ತಿ ಕೊಳ್ಳೇಗಾಲದ ಮಗ್ಗದ ಮನೆಗೆ ಹೋಗಿ ಇಪ್ಪತ್ತು ವರ್ಷ ರೇಷ್ಮೆ ಸೀರೆ ನೇಯ್ದಿದ್ದೇನೆ. ಎಳೆ ತಪ್ಪಿದರೆ ತಪ್ಪಿದ ಜಾಗದವರೆಗೆ ಬಿಚ್ಚಿಕೊಂಡು ಹೋಗುವುದು ನನಗೆ ಬರುತ್ತದೆ. ಅದೇ ರೀತಿಯಲ್ಲಿ ಇದನ್ನೂ ಹೇಳುತ್ತೇನೆ.

ನಮ್ಮ ಕಡೆ ಹೊಸ ಗಾಡಿ ಯಾವುದೇ ಬರಲಿ, ಬೈಕಿರಲಿ, ಟ್ರ್ಯಾಕ್ಟರಿರಲಿ, ಮೊದಲು ಮಾದಪ್ಪನ ಮುಂದೆ ನಿಲ್ಲಿಸಿ ಪೂಜೆ ಮಾಡಿಸಬೇಕು. ಮಾದೇಶ ಪುಣೆಯ ಒಂದು ತಂಡಕ್ಕೆ ಸಂಬಳಕ್ಕೆ ಸೇರಿ, ತಂಡದವರು ಹೊಸ ಸೈಕಲ್ಲು ಕೊಟ್ಟಾಗ ನಾವೂ ಅದನ್ನೇ ಮಾಡಿದೆವು. ಅವನು ತುಳಿದುಕೊಂಡು ಬೆಟ್ಟ ಹತ್ತಿದ, ಅವ್ವನೂ ನಾನೂ ಬಸ್ಸಿನಲ್ಲಿ ಹೋದೆವು. ಅವನು ದರ್ಶನದ ಸಾಲಿಗೆ ಹೋದಾಗ ಸೈಕಲ್ಲು ನನ್ನ ವಶದಲ್ಲಿತ್ತು. ಅಕ್ಕಪಕ್ಕದ ಆಟೊಗಳೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಂಡು ಮಿಂಚುತ್ತಿದ್ದವು. ನನ್ನ ತಮ್ಮನ ಸೈಕಲ್ಲು ಮಾತ್ರ ಒಲೆಯ ಮಸಿಯ ಹಾಗೆ ಮಂಕು ಕಪ್ಪು. ನನಗೆ ಅವಮಾನವೆನಿಸಿತು. ದೀಪಕ್ಕೆಂದು ತಂದಿದ್ದ ಕೊಬ್ಬರಿ ಎಣ್ಣೆಯನ್ನು ಸೆರಗಿನ ತುದಿಗೆ ಸುರಿದುಕೊಂಡು ಇಡೀ ಸೈಕಲ್ಲು ಉಜ್ಜಿದೆ. ಎರಡೂ ಚಕ್ರಗಳ ನಡುವಿನ ದುಂಡು ತಗಡುಗಳನ್ನಂತೂ ಮುಖ ಕಾಣುವ ಹಾಗೆ ಉಜ್ಜಿದೆ. ಮಾದೇಶ ಬಂದು ನೋಡಿ, ಬರೀ ಬಟ್ಟೆಯಲ್ಲಿ ಒರೆಸಿದ್ದೇನೆ ಎಂದುಕೊಂಡು ನಕ್ಕು, ಹಣೆಗೆ ಕುಂಕುಮ ಇಟ್ಟುಕೊಂಡು ಹೊರಟ. ಆಗ ತುಂತುರು ಹನಿಯುತ್ತಿತ್ತು. ನಮ್ಮ ಬಸ್ಸು ಎರಡನೇ ತಿರುವಿಗೆ ಬರುವಾಗ ಅವನು ಚರಂಡಿಯಲ್ಲಿದ್ದ, ಭುಜದ ಮೂಳೆ ಮುರಿದಿತ್ತು, ಸೈಕಲ್ಲು ಎರಡು ತುಂಡಾಗಿತ್ತು.

ಮಳೆಯಲ್ಲಿ ತಾನು ತಡವಾಗಿ ಬ್ರೇಕ್ ಹಿಡಿದೆ, ತನ್ನ ಕೈಯದೇ ತಪ್ಪು ಎಂದು ಎಲ್ಲರಿಗೂ ಹೇಳಿದ. ಒಂದು ತಿಂಗಳು ಕಳೆದ ಮೇಲೆ, ಕೈಗೆ ಜೋಳಿಗೆ ಕಟ್ಟಿಕೊಂಡು ಜಗಲಿಯಲ್ಲಿ ಕೂತು ಪಕ್ಕದ ಮನೆಯವರಿಗೆ ರೇಸಿನ ಸೈಕಲ್ಲಿನ ವಿಷಯ ಹೇಳುತ್ತಿದ್ದ. ಆ ದುಂಡು ತಗಡಿನ ಹೆಸರು ಡಿಸ್ಕ್, ಬ್ರೇಕ್ ಹಿಡಿಯುವುದು ಅದನ್ನೇ, ಬೆರಳಿನ ಜಿಡ್ಡು ತಾಗಿದರೂ ಹಿಡಿತ ಹೋಗುತ್ತದೆ ಎಂದ. ನಾನು ಒಳಗೆ ಸೊಪ್ಪು ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ.

ಈ ಸಲ ಅವನು ಪುಣೆಯಿಂದ ರೈಲಿನಲ್ಲಿ ಮೈಸೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿದಿದ್ದ. ಯಳಂದೂರಿನ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬರಲು ನಾನು ಹೋಗಿದ್ದೆ, ಸಿದ್ದರಾಜು ಎಂಬ ಹನೂರಿನವನ ಲಗೇಜ್ ಆಟೊದಲ್ಲಿ. ಕಂಡಕ್ಟರು ಸೈಕಲ್ಲಿನ ಪೆಟ್ಟಿಗೆಗೆ ಟಿವಿ ಎಂದು ಲಗೇಜ್ ಚೀಟಿ ಹರಿದಿದ್ದನಂತೆ. ನಿಲ್ದಾಣದ ಎದುರು ಒಂದೊಂದು ಟೀ ಕುಡಿದು, ಪೆಟ್ಟಿಗೆಯನ್ನು ಆಟೊದಲ್ಲಿ ಹಗ್ಗ ಕಟ್ಟಿ ಮಾಂಬಳ್ಳಿಗೆ ಬಂದೆವು.

ಸಂಜೆ ಅಂಗಳದಲ್ಲಿ ಚಾಪೆ ಹಾಸಿ ಮಾದೇಶ ಸೈಕಲ್ಲು ಜೋಡಿಸಿದ. ಮೊದಲು ಸೀಟು. ಅಳತೆ ಟೇಪು ತೆಗೆದು ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲಿನವರೆಗೆ ಹಿಡಿದ. ಒಂದು ಕಾಗದದ ದಪ್ಪದಷ್ಟು ಹೆಚ್ಚುಕಮ್ಮಿಯಾದರೂ ನೂರು ಕಿಲೋಮೀಟರಿನ ಮೇಲೆ ಮೊಣಕಾಲು ಹೇಳುತ್ತದಂತೆ. ಆಮೇಲೆ ಒಂದು ಸ್ಪ್ಯಾನರು ತೆಗೆದ. ಬೋಲ್ಟು ಎಷ್ಟು ಬಿಗಿಯಬೇಕೋ ಅಷ್ಟಾದ ತಕ್ಷಣ ಅದು ಕಟಕ್ ಎನ್ನುತ್ತದೆ, ಮುಂದೆ ಬಿಗಿಯಬಾರದು, ಬಿಗಿದರೆ ಸೈಕಲ್ಲಿನ ಕಾರ್ಬನ್ ಕೊಳವೆ ಸೀಳುತ್ತದೆ. ಗೇರಿಗೆ ತಂತಿಯಿಲ್ಲ, ಫೋನಿನ ಹಾಗೆ ಚಾರ್ಜಿಗೆ ಹಾಕುವ ಬ್ಯಾಟರಿ. ಟಯರಿನೊಳಗೆ ಟ್ಯೂಬಿಲ್ಲ, ಹಾಲಿನಂಥ ದ್ರವ, ಮುಳ್ಳು ಚುಚ್ಚಿದರೆ ಅದೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಪೆಡಲಿನ ದಂಡದೊಳಗೆ ಕಾಲು ಎಷ್ಟು ಬಲ ಹಾಕುತ್ತಿದೆ ಎಂದು ತೂಗುವ ಯಂತ್ರ. ಚೈನಿಗೆ ಎಣ್ಣೆ ಹಾಕುವುದೇ ಇಲ್ಲ, ಕಾದ ಮೇಣದಲ್ಲಿ ಅದ್ದಿ ಒಣಗಿಸುತ್ತಾರೆ. ಇದನ್ನು ಕೇಳಿದಾಗ ನನ್ನ ಕಿವಿ ಬಿಸಿಯಾಯಿತು.

ಸಿದ್ದರಾಜು ಸೊಂಟಕ್ಕೆ ಕೈಯಿಟ್ಟುಕೊಂಡು ಸುತ್ತು ಬಂದ. "ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ. ಎಲ್ಲಾನೂ ಬಿಚ್ಚಿ ಮಡಿಕಂಡು ಮೇಲೆ ದುಡ್ಡು ಬ್ಯಾರೆ ಜಾಸ್ತಿ ಇಸ್ಕಂಡವ್ರಲ್ಲ ಮಾದೇಸ," ಎಂದ. ಮಾದೇಶ ನಕ್ಕ. ನಗುತ್ತಲೇ, ಡಿಸ್ಕ್ ಮಾತ್ರ ಮುಟ್ಟಬೇಡಿ ಎಂದು ಇಬ್ಬರಿಗೂ ಹೇಳಿದ.

ನಾನು ಹ್ಯಾಂಡಲ್ಲನ್ನೇ ನೋಡುತ್ತಿದ್ದೆ. ಹಳೆಯ ಸೈಕಲ್ಲಿನಲ್ಲಿ ಅದು ತಗ್ಗಿನಲ್ಲಿತ್ತು, ಅವನು ಬಾಗಿ ನೆಲಕ್ಕೆ ಅಂಟಿದವನಂತೆ ಹೋಗುತ್ತಿದ್ದ. ಇದರಲ್ಲಿ ಹ್ಯಾಂಡಲ್ಲಿನ ಕೆಳಗೆ ಕಪ್ಪು ಬಳೆಗಳಂಥ ಮೂರು ಉಂಗುರ ಹಾಕಿ ಎತ್ತರಿಸಿದ್ದರು. ಯಾಕೆಂದು ಕೇಳಿದೆ. ಬಿದ್ದ ಮೇಲೆ ತಗ್ಗಿ ಇಳಿಯಲು ಕೈ ನಡುಗುತ್ತದೆ, ಅದಕ್ಕೇ ತಂಡದ ಮೆಕ್ಯಾನಿಕ್ಕಿಗೆ ಹೇಳಿ ಹಾಕಿಸಿದೆ ಎಂದ. ಬ್ರೇಕಿನ ಹಿಡಿಯನ್ನೂ ಬೆರಳಿಗೆ ತೀರ ಹತ್ತಿರ ತರಿಸಿದ್ದ. ಇಳಿಜಾರು ಬಂದರೆ ಎಲ್ಲರಿಗಿಂತ ಹಿಂದೆ ಬೀಳುತ್ತಾನಂತೆ. ತಂಡದವರು ಒಂದು ವರ್ಷ ಕಾದಿದ್ದರು. ಇನ್ನು ಕಾಯುವ ಹಾಗಿರಲಿಲ್ಲ.

"ಅತ್ತೋದು ದೊಡ್ದಲ್ಲ ಕಣಕ್ಕ," ಎಂದ. "ನಾಳೆ ಅದೇ ಬೆಟ್ಟ ಇಳಿಯಕ್ಕೆ ಆದ್ರೆ ವಾಪಸ್ ಪುಣೆಗೆ ಓಯ್ತೀನಿ. ಆಗ್ನಿಲ್ಲ ಅಂದ್ರೆ ಸೈಕಲ್ನ ಆಟೊಗೆ ಆಕ್ಕಂಡು ಬತ್ತೀನಿ. ಅಲ್ಲಿಂದ್ಲೇ ಫೋನ್ ಮಾಡಿ ತಂಡ ಬುಡ್ತೀನಿ ಅಂತ ಯೋಳ್ಬುಡ್ತೀನಿ."

ಮಾರನೇ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಆಟೊದ ಬಾಡಿಗೆ ಡೀಸೆಲ್ಲೂ ಸೇರಿ ಮೂರು ಸಾವಿರ. ಹಿಂದೆ ಎರಡು ಹೆಚ್ಚುವರಿ ಚಕ್ರ, ಒಂದು ನಿಂತು ಹೊಡೆಯುವ ಪಂಪು, ನೀರಿನ ಕ್ಯಾನು, ಅವ್ವ ಕಟ್ಟಿಕೊಟ್ಟ ಚಿತ್ರಾನ್ನ. ಚಳಿಗೆ ನಾನು ಕಿವಿಗೆ ಟವೆಲು ಸುತ್ತಿಕೊಂಡಿದ್ದೆ. ಕಬ್ಬಿನ ಗದ್ದೆಗಳ ಮೇಲೆ ಮಂಜು ಕೂತಿತ್ತು. ಮಂಜಿನೊಳಗೆ ಮಾದೇಶನ ಸೀಟಿನ ಕೆಳಗಿನ ಕೆಂಪು ದೀಪವೊಂದೇ ಕಾಣುತ್ತಿತ್ತು. ಸಪಾಟು ರಸ್ತೆಯಲ್ಲಿ ಅವನು ಹೋಗುವ ವೇಗಕ್ಕೆ ಸಿದ್ದರಾಜು ಮೂರನೇ ಗೇರಿನಿಂದ ಇಳಿಯಲಿಲ್ಲ.

ಕೊಳ್ಳೇಗಾಲದಲ್ಲಿ ಇಡ್ಲಿ ತಿಂದೆವು. ಮಾದೇಶ ನಾಲ್ಕು ಇಡ್ಲಿಯನ್ನು ಚಟ್ನಿಯಿಲ್ಲದೆ ತಿಂದು, ಎರಡು ಬಾಳೆಹಣ್ಣು ಬೆನ್ನಿನ ಜೇಬಿಗೆ ಸೇರಿಸಿದ. ಹೋಟೆಲ್ಲಿನವರು ಸೈಕಲ್ಲನ್ನು ಗೋಡೆಗೆ ಒರಗಿಸಲು ಬಿಡದೆ ತಾವೇ ಹಿಡಿದು ನಿಂತಿದ್ದರು. ಅಲ್ಲಿಂದ ಹನೂರು ಇಪ್ಪತ್ತೈದು ಕಿಲೋಮೀಟರು. ಹಿಪ್ಪುನೇರಳೆ ತೋಟ ಮುಗಿದು ಜೋಳದ ಹೊಲ ಶುರುವಾಯಿತು, ಬಿಸಿಲೂ ಬಂತು. ಹನೂರಿನಲ್ಲಿ ಸಿದ್ದರಾಜು ತನ್ನ ಮನೆಯ ಮುಂದೆ ಸುಮ್ಮನೆ ಹಾರ್ನ್ ಹೊಡೆದ, ಹೆಂಡತಿ ಹೊರಗೆ ಬಂದು ನೋಡಲಿ ಎಂದು. ಆಕೆ ಬರಲಿಲ್ಲ.

ಹನೂರು ದಾಟಿದ ಮೇಲೆ ರಸ್ತೆ ಅಲ್ಲಲ್ಲಿ ಕಿತ್ತಿತ್ತು. ಮಾದೇಶ ನಿಂತು ಟಯರಿನ ಗಾಳಿಯನ್ನು ತುಸು ಇಳಿಸಿದ. ಗಾಳಿ ಗಟ್ಟಿಯಿದ್ದರೆ ಚಕ್ರ ಕಲ್ಲಿನ ಮೇಲೆ ಕುಣಿಯುತ್ತದೆ, ಮೆತ್ತಗಿದ್ದರೆ ಹಿಡಿದುಕೊಂಡು ಹೋಗುತ್ತದೆ ಎಂದ. ಆಗ ಹೇಳಬಹುದಿತ್ತು, ಸಿದ್ದರಾಜು ಆಟೊದಲ್ಲೇ ಕೂತಿದ್ದ, ಸೈಕಲ್ಲಿನ ಹತ್ತಿರ ನಾವಿಬ್ಬರೇ ಇದ್ದೆವು. ಗಾಳಿಯ ಸದ್ದು ನಿಂತ ಮೇಲೆ ಹೇಳೋಣ ಎಂದುಕೊಂಡೆ. ಸದ್ದು ನಿಂತಿತು, ಅವನು ಹತ್ತಿ ಹೊರಟ.

ತಾಳಬೆಟ್ಟದಲ್ಲಿ ಘಾಟಿ ಶುರುವಾಗುತ್ತದೆ. ಮಾದಪ್ಪನಿಗೆ ಹರಕೆ ಹೊತ್ತು ನಡೆದು ಹೋಗುವ ಪರಸೆಯವರು ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ. ಹೂಗ್ಯದಿಂದ ಬಂದಿದ್ದ ಒಬ್ಬ ಅಜ್ಜ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿದ. "ಕುರಿಮರಿ ತೂಕನೂ ಇಲ್ವಲ್ಲಪ್ಪ ಇದು. ಗಾಳಿ ಬಂದ್ರೆ ನೀನೇ ಇಡ್ಕಬೇಕಾಯ್ತದಲ್ಲ," ಎಂದ. ಸುಮಾರು ಏಳು ಕೆ.ಜಿ. ಎಂದು ಮಾದೇಶ ಹೇಳಿದ್ದಕ್ಕೆ, ತನ್ನ ತಲೆಯ ಮೇಲಿನ ಅಕ್ಕಿ ಗಂಟೇ ಅದಕ್ಕಿಂತ ಜಾಸ್ತಿ ಎಂದು ನಕ್ಕ.

ಹತ್ತುವಾಗ ನನ್ನ ತಮ್ಮನನ್ನು ನೀವು ನೋಡಬೇಕಿತ್ತು. ಆಟೊ ಮೊದಲ ಗೇರಿನಲ್ಲಿ ನರಳುತ್ತಿತ್ತು. ಅವನು ಸೀಟಿನಿಂದ ಏಳದೆ, ಮಗ್ಗದ ಹಲಗೆ ತುಳಿಯುವ ಹಾಗೆ ಒಂದೇ ಲಯದಲ್ಲಿ ತುಳಿದುಕೊಂಡು ಹೋದ. ಎದುರಿಗೆ ಬಂದ ಬಸ್ಸಿನ ಕಿಟಕಿಗಳಿಂದ ಜನ ಕೈಬೀಸಿದರು. ಮೇಲಿನಿಂದ ಎರಡನೆಯದಾದ ಆ ತಿರುವಿನ ಚರಂಡಿಯನ್ನು ದಾಟುವಾಗ ಅವನು ಆ ಕಡೆ ನೋಡಲಿಲ್ಲ. ನಾನು ನೋಡಿದೆ. ಹೊಸದಾಗಿ ಸಿಮೆಂಟು ಬಳಿದಿದ್ದರು.

ಮೇಲೆ ದೇವಸ್ಥಾನದ ಹೊರಗೆ ಗಾಡಿಗಳು ಸಾಲಾಗಿ ನಿಂತಿದ್ದವು. ದರ್ಶನ ಮುಗಿಸಿ ಚಿತ್ರಾನ್ನ ತಿಂದೆವು. ಮಾದೇಶ ಅರ್ಧಕ್ಕೇ ಬಿಟ್ಟ. ರಸ್ತೆ ಕೆಳಗೆ ತಿರುಗುವ ಕಡೆಗೆ ಹೋಗಿ ನಿಂತುಕೊಂಡ, ಬ್ರೇಕಿನ ಹಿಡಿಯನ್ನು ಒತ್ತಿದ, ಬಿಟ್ಟ, ಒತ್ತಿದ. ತಿರುಗಿ ಬಂದು ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚತೊಡಗಿದ.

"ಗಾಡಿಗೆ ಆಕ್ಬುಡು ಸಿದ್ದಣ್ಣ," ಎಂದ.

ಸಿದ್ದರಾಜು ಆಗ ತನ್ನ ಆಟೊವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಒಳ್ಳೆಯ ಮನುಷ್ಯ, ಬೇಸರದಲ್ಲಿದ್ದವನಿಗೆ ಏನಾದರೂ ಮಾಡಬೇಕೆನಿಸಿರಬೇಕು. ಮಾದಪ್ಪನ ಮುಂದೆ ಬಂದ ಗಾಡಿ, ಇದೂ ಒಂಚೂರು ಹೊಳೆಯಲಿ ಎನ್ನುತ್ತ ಹಿಂದಿನ ಸಂಜೆಯ ಮಾತು ಮರೆತು ಅದೇ ಬಟ್ಟೆ ಹಿಡಿದುಕೊಂಡು ಸೈಕಲ್ಲಿನ ಮುಂದಿನ ಚಕ್ರಕ್ಕೆ ಬಾಗಿದ. ನಾನು ಎದ್ದಿದ್ದು ನನಗೇ ಗೊತ್ತಾಗಲಿಲ್ಲ. ಅವನ ಮಣಿಕಟ್ಟು ನನ್ನ ಕೈಯಲ್ಲಿತ್ತು.

"ಮುಟ್ಬ್ಯಾಡ. ಓದ್ಸಲ ನಾನು ಇಂಗೇ ಒರೆಸಿದ್ಕೇ ಅಂವ ಬಿದ್ದದ್ದು."

ಸಿದ್ದರಾಜು ನನ್ನ ಮುಖ ನೋಡಿ, ಮಾದೇಶನ ಮುಖ ನೋಡಿ, ಬಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಆಟೊದ ಆ ಬದಿಗೆ ಹೋದ. ಮಾದೇಶ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

"ಯಾವ ಎಣ್ಣೆ?"

"ಕೊಬ್ರಿ ಎಣ್ಣೆ."

"ಎರಡು ಡಿಸ್ಕಿಗೂವೆ?"

"ಎರಡಕ್ಕೂ. ಎರಡು ಕಡೆನೂ."

ಅವನು ತನ್ನ ಬೆರಳುಗಳನ್ನು ಮಡಿಚಿ ಬಿಚ್ಚಿ ನೋಡಿಕೊಂಡ. ಆವತ್ತು ತಾನು ಸರಿಯಾದ ಜಾಗದಲ್ಲೇ ಬ್ರೇಕ್ ಹಿಡಿದಿದ್ದೆ, ಎರಡೂ ಹಿಡಿಗಳನ್ನು ಪೂರಾ ಒತ್ತಿದ್ದೆ, ಆದರೂ ಸೈಕಲ್ಲು ನಿಲ್ಲಲಿಲ್ಲ ಎಂದು ನಿಧಾನವಾಗಿ ಹೇಳಿದ. ತಡವಾಯಿತು ಎಂದು ಎಲ್ಲರೂ ಅಂದರು, ತಾನೂ ಒಪ್ಪಿಕೊಂಡೆ ಎಂದ. ಯಾವಾಗ ಗೊತ್ತಾಯಿತು ಎಂದು ಕೇಳಿದ. ನಿನ್ನ ಕೈ ಜೋಳಿಗೆಯಲ್ಲಿದ್ದಾಗಲೇ ಎಂದೆ.

"ಎರಡು ವರ್ಸ ಕಣಕ್ಕ," ಎಂದ. "ಎರಡು ವರ್ಸ ನನ್ ಕೈನ ನಾನೇ ನಂಬ್ನಿಲ್ಲ."

ನನಗೆ ಅಲ್ಲೇ ಹೇಳಬೇಕಾದ ಇನ್ನೊಂದು ಮಾತಿತ್ತು. ಅದು ಹೊರಡಲಿಲ್ಲ. ಮಾದೇಶ ಬೂಟು ಹಾಕಿಕೊಂಡು ಎದ್ದ. ಚೀಲದಿಂದ ಸಣ್ಣ ಕೀಲಿಗಳ ಗೊಂಚಲು ಮತ್ತು ಆ ಕಟಕ್ ಎನ್ನುವ ಸ್ಪ್ಯಾನರು ತೆಗೆದ. ಹ್ಯಾಂಡಲ್ಲಿನ ನೆತ್ತಿಯ ಬೋಲ್ಟು ಬಿಚ್ಚಿ, ಕೆಳಗಿದ್ದ ಉಂಗುರಗಳಲ್ಲಿ ಎರಡನ್ನು ತೆಗೆದು ಮೇಲಕ್ಕೆ ಹಾಕಿದ. ಹ್ಯಾಂಡಲ್ಲು ಎರಡು ಬೆರಳಿನಷ್ಟು ತಗ್ಗಿತು. ಸ್ಪ್ಯಾನರು ಕಟಕ್ ಎಂದಿತು. ಮುಂದಿನ ಚಕ್ರವನ್ನು ಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲು ನೇರವಿದೆಯೇ ನೋಡಿದ. ನನ್ನ ಕಡೆ ನೋಡದೆ ಹತ್ತಿ ಹೊರಟ.

ನಾವು ಆಟೊ ತಿರುಗಿಸುವಷ್ಟರಲ್ಲಿ ಅವನು ಮೊದಲ ತಿರುವಿನಲ್ಲಿ ಮರೆಯಾಗಿದ್ದ. ಎರಡನೇ ತಿರುವು ಬಂತು. ಚರಂಡಿಯ ಕಟ್ಟೆಯ ಮೇಲೆ ಎರಡು ಕೋತಿ ಕೂತಿದ್ದವು, ಬೇರೇನೂ ಇರಲಿಲ್ಲ. ಕೆಳಗೆ, ಎಷ್ಟೋ ಸುತ್ತಿನ ಆಚೆ, ಮರಗಳ ಸಂದಿನಲ್ಲಿ ಒಂದು ಕಪ್ಪು ಗೆರೆ ತಗ್ಗಿ ಬಾಗಿ ಹೋಗುವುದು ಕಂಡಿತು. ಎರಡು ವರ್ಷದ ಹಿಂದೆ ಅವನು ಹೀಗೇ ಹೋಗುತ್ತಿದ್ದ.

ತಾಳಬೆಟ್ಟದಲ್ಲಿ ಅವನು ಹುಣಸೆ ಮರದ ಕೆಳಗೆ ಕೂತಿದ್ದ. ಉಪ್ಪು ಖಾರ ಹಾಕಿದ ಸೌತೆಕಾಯಿ ತಿನ್ನುತ್ತಿದ್ದ. ಕೈ ನಡುಗುತ್ತಿರಲಿಲ್ಲ. ಬಂದು ಎಷ್ಟು ಹೊತ್ತಾಯಿತು ಎಂದು ಸಿದ್ದರಾಜು ಕೇಳಿದ. ಒಂದು ಸೌತೆಕಾಯಿ ಮುಗಿದು ಎರಡನೆಯದು ನಡೆಯುತ್ತಿದೆ ಎಂದ. ಉಳಿದ ಅರ್ಧವನ್ನು ಸಿದ್ದರಾಜುವಿಗೆ ಕೊಟ್ಟ. ನನಗೆ ಕೊಡಲಿಲ್ಲ. ಸಿದ್ದರಾಜು ಅದನ್ನು ತೆಗೆದುಕೊಂಡು ದೂರ ಹೋದ.

ಮರಕ್ಕೆ ಒರಗಿಸಿದ್ದ ಸೈಕಲ್ಲಿನ ಡಿಸ್ಕ್ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಬಿಸಿಯಿದೆ, ಮುಟ್ಟಬೇಡ ಎಂದು ಮಾದೇಶ ನೆಲ ನೋಡುತ್ತಲೇ ಹೇಳಿದ. ನಾನು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವನ ಪಕ್ಕ ಕೂತೆ.

"ಎಣ್ಣೆ ಅಚ್ದಾಗ ನಂಗೆ ಗೊತ್ತಿರ್ನಿಲ್ಲ," ಎಂದೆ. "ಬಾಯಿ ಮುಚ್ಕಂಡಿದ್ದದ್ದು ಗೊತ್ತಿದ್ದೇ. ನಿನ್ ಕೈದು ಏನೂ ಇಲ್ಲ ಕಣಪ್ಪ. ನಂದು ತಪ್ಪಾಯ್ತು, ಮಾದೇಸ."